09 ಲೆಫ್ಟ್, 09 ರೈಟ್: ದಿಕ್ಸೂಚಿ ಹೇಳದ ವ್ಯತ್ಯಾಸ

ರನ್‌ವೇ ಸಂಖ್ಯೆ ಕ್ರಮಸಂಖ್ಯೆಯಲ್ಲ, ದಿಕ್ಕು. ರನ್‌ವೇ ಉದ್ದಕ್ಕೂ ಓಡುವಾಗ ದಿಕ್ಸೂಚಿ ತೋರಿಸುವ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ಹೊಂದಿಸಿ, ಕೊನೆಯ ಸೊನ್ನೆ ಬಿಟ್ಟರೆ ಸಿಗುವುದೇ ಅದು. ಪೂರ್ವಕ್ಕೆ 09, ಪಶ್ಚಿಮಕ್ಕೆ 27. ಒಂದೇ ಪಟ್ಟಿಯ ಎರಡು ತುದಿಗಳ ನಡುವೆ ಯಾವಾಗಲೂ 18ರ ಅಂತರ.

ಮುಂಗಾರಿನಲ್ಲಿ ಬೆಂಗಳೂರಿಗೆ ಪಡುವಣ ಗಾಳಿ. ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು, ಇಳಿಯಬೇಕು. ಹಾಗಾಗಿ ಆಗ ಹೆಚ್ಚಾಗಿ 27. ಚಳಿಗಾಲದ ಮೂಡಣ ಗಾಳಿಗೆ 09. ನಿಲ್ದಾಣದ ನಿಯಂತ್ರಣ ಟವರ್ 'ಗಾಳಿ 240 ಡಿಗ್ರಿ, 20 ನಾಟ್' (ಗಾಳಿ ಬೀಸಿ ಬರುವ ದಿಕ್ಕು, ಅದರ ವೇಗ) ಎಂದರೆ ಪೈಲಟ್ ತಲೆಯಲ್ಲೇ ಕಳೆಯುತ್ತಾರೆ: 270ರಿಂದ 30 ಡಿಗ್ರಿ ಓರೆ, ಅಂದರೆ ಅಡ್ಡಗಾಳಿ ಅರ್ಧ, 10 ನಾಟ್, ಎದುರುಗಾಳಿ ಸುಮಾರು 17.

ಟೇಕಾಫ್‌ಗೆ ಸಾಲಾಗಿ ನಿಂತಾಗ ದಿಕ್ಸೂಚಿಯನ್ನೂ ಸಂಖ್ಯೆಯನ್ನೂ ತಾಳೆ ನೋಡುವುದು, ತಪ್ಪು ರನ್‌ವೇಯಲ್ಲಿ ನಿಂತಿಲ್ಲ ಎಂದು ಖಚಿತಪಡಿಸಿಕೊಳ್ಳಲು. 2006ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ 22ರಿಂದ ಏರಬೇಕಿದ್ದ ಕೊಮೇರ್ ಸಂಸ್ಥೆಯ ವಿಮಾನ ಅದರ ಅರ್ಧದಷ್ಟೇ ಉದ್ದದ 26ರಲ್ಲಿ ಓಡಿತು. 49 ಜನ ಸತ್ತರು. 40 ಡಿಗ್ರಿ ವ್ಯತ್ಯಾಸ ದಿಕ್ಸೂಚಿಯಲ್ಲಿ ಎದ್ದು ಕಾಣುತ್ತಿತ್ತು.

ಆದರೆ ಸಮಾನಾಂತರ ರನ್‌ವೇಗಳಲ್ಲಿ ಈ ತಾಳೆ ಸಾಲದು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ ತೆರೆಯಿತು. ಉತ್ತರದ ಹಳೆಯದು 09 ಲೆಫ್ಟ್, ದಕ್ಷಿಣದ್ದು 09 ರೈಟ್. ಪೂರ್ವದ ಕಡೆಯಿಂದ ಬಂದರೆ ಎಡಬಲ ಅದಲುಬದಲು: ಅದೇ ಉತ್ತರದ ಪಟ್ಟಿ 27 ರೈಟ್. ಎರಡರಲ್ಲೂ ದಿಕ್ಸೂಚಿ ಹೇಳುವುದು ಒಂದನ್ನೇ.

2000ರ ಅಕ್ಟೋಬರ್ 31ರ ರಾತ್ರಿ ಮಳೆಯಲ್ಲಿ, ತೈಪೆಯಲ್ಲಿ, ಸಿಂಗಾಪುರ್ ಏರ್‌ಲೈನ್ಸ್‌ನ ವಿಮಾನ 05 ಲೆಫ್ಟ್ ಬದಲು ಕಾಮಗಾರಿ ನಡೆಯುತ್ತಿದ್ದ 05 ರೈಟ್‌ನಲ್ಲಿ ಓಡಿ, ಅಲ್ಲಿದ್ದ ಯಂತ್ರಗಳಿಗೆ ಬಡಿಯಿತು. 83 ಸಾವು. ದಿಕ್ಸೂಚಿ ತೋರಿಸಿದ ದಿಕ್ಕು ಸರಿಯಾಗಿಯೇ ಇತ್ತು.

ಹಾಗಾಗಿ ಆ ಒಂದು ಅಕ್ಷರಕ್ಕೆ ಬೇರೆ ಸಾಕ್ಷಿಗಳು ಬೇಕು. ರೇಡಿಯೋದಲ್ಲಿ ಅನುಮತಿ ಸಿಕ್ಕಾಗ ಬರೀ 'ರೋಜರ್' (ಕೇಳಿಸಿತು) ಎಂದರೆ ಆಗದು, ಲೆಫ್ಟ್ ರೈಟ್ ಸಮೇತ ರನ್‌ವೇ ಸಂಖ್ಯೆಯನ್ನು ತಿರುಗಿ ಹೇಳಲೇಬೇಕು. ರನ್‌ವೇಗೆ ಹೋಗುವ ಮುನ್ನ ನಿಲ್ಲುವ ಹೋಲ್ಡಿಂಗ್ ಪಾಯಿಂಟ್‌ನ ಕೆಂಪು ಫಲಕವನ್ನೂ ನೆಲದ ಬಿಳಿ ಸಂಖ್ಯೆಯನ್ನೂ ಇಬ್ಬರು ಪೈಲಟ್‌ಗಳೂ ಓದಬೇಕು. ಇಳಿಯಲು ದಾರಿ ತೋರುವ ರೇಡಿಯೋ ವ್ಯವಸ್ಥೆಯಾದ ಐಎಲ್‌ಎಸ್ ಇದ್ದರೆ ಇನ್ನೂ ಗಟ್ಟಿ: ಆಯಾ ರನ್‌ವೇಯ ನಡುಗೆರೆ ತೋರುವ ಲೋಕಲೈಸರ್‌ಗೆ ಅದರದೇ ಗುರುತಿನ ಸಂಕೇತ ಇರುತ್ತದೆ. ಆ ಲೋಕಲೈಸರ್ ಅನ್ನು ಟ್ಯೂನ್ ಮಾಡಿಕೊಂಡು ಸಾಲಿಗೆ ನಿಂತಾಗ ಕಾಕ್‌ಪಿಟ್‌ನ ಸೂಚಕ ನಡುವಿನಲ್ಲಿರಬೇಕು. ಪಕ್ಕಕ್ಕೆ ಸರಿದಿದ್ದರೆ ಎಂಜಿನ್ ಬಲ ಹೆಚ್ಚಿಸದೆ ಅಲ್ಲೇ ನಿಂತು ಟವರ್‌ಗೆ ಕೇಳಬೇಕು.