ಹಾಡು ಮಾತನ್ನು ನುಂಗುತ್ತದೆಯೇ? ಕಾರಂತರ ನಾಟಕಗಳ ನೆನಪಿನಲ್ಲಿ

1989ರಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಶುರುವಾದ ಮೇಲೆ ಮೈಸೂರಿನಲ್ಲಿ ಓದಿದ ನಮ್ಮಂಥವರಿಗೆ ಕಲಾಮಂದಿರದ ಆವರಣವೂ ಒಂದು ತರಗತಿಯೇ ಆಗಿತ್ತು. ಆ ಸಂಸ್ಥೆಯನ್ನು ಕಟ್ಟಿದ ರಂಗಕರ್ಮಿ ಬಿ. ವಿ. ಕಾರಂತರು 1995ರವರೆಗೆ ಅದರ ನಿರ್ದೇಶಕರಾಗಿದ್ದರು. ಈ ಸಂಚಿಕೆಗೆ ಬರೆಯಬೇಕು ಎಂದಾಗ ನಮಗೆ ನೆನಪಾದದ್ದು ಅವರ ನಾಟಕಗಳ ಹಾಡು, ಮತ್ತು ಆ ಹಾಡಿನ ಮೇಲೆ ನಡೆದ ತಕರಾರು.

ತಕರಾರು ಹಳೆಯದು. 1972ರಲ್ಲಿ ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದಾಗ ಕನ್ನಡ ರಂಗಭೂಮಿ ಹೊಸ ದಾರಿ ಹಿಡಿಯಿತು ಎಂದು ಹೊಗಳಿದವರೇ ಹೆಚ್ಚು. ಮುಂದೆ ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ಮೂಲದಲ್ಲಿಲ್ಲದ ದಾಸರ ಪದಗಳನ್ನು ಸೇರಿಸಿದರು. ಕಾರಂತರ ನಾಟಕದಲ್ಲಿ ಹಾಡು ಮಾತನ್ನು ನುಂಗುತ್ತದೆ, ನಾಟಕಕಾರ ಹಿಂದೆ ಸರಿಯುತ್ತಾನೆ ಎಂಬ ಆಕ್ಷೇಪ ಅವರ ಬೆನ್ನು ಬಿಡಲಿಲ್ಲ. ‘ಸತ್ತವರ ನೆರಳಿ’ನ ಮಟ್ಟಿಗೆ ಈ ಆಕ್ಷೇಪ ನಿಲ್ಲುವುದಿಲ್ಲ ಎಂದೇ ನಮ್ಮ ಅಭಿಪ್ರಾಯ. ಮಠದ ಪೀಠಕ್ಕಾಗಿ ನಡೆಯುವ ವಾದ ಬರೀ ಮಾತಿನಲ್ಲಿ ಒಣಗುತ್ತದೆ. ದಾಸರ ಪದ ಬಂದಾಗ ಅದೇ ಕಾವಿಯವರ ಬಾಯಿಂದ ಅವರ ಬಣ್ಣ ಬಯಲಾಗುತ್ತದೆ. ಆದರೆ ಕಾರಂತರನ್ನು ಅನುಕರಿಸಿದ ಎಷ್ಟೋ ತಂಡಗಳ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ. ಕಾರಣ ಕಸುಬಿನಲ್ಲಿದೆ.

ಮೊದಲನೆಯದು ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಸ್ವರ. ಹಾರ್ಮೋನಿಯಂ ಪೆಟ್ಟಿಗೆಯ ಮನೆಗಳ ಲೆಕ್ಕದಲ್ಲಿ ಹುಡುಗರಿಗೆ ಕಪ್ಪು ಒಂದು, ಹುಡುಗಿಯರಿಗೆ ಕಪ್ಪು ನಾಲ್ಕರ ಆಸುಪಾಸು ಹಿತ. ಮೇಳದಲ್ಲಿ ಇಬ್ಬರೂ ಒಟ್ಟಿಗೆ ಹಾಡಬೇಕಾದಾಗ ನಡುವೆ ಬಿಳಿ ನಾಲ್ಕಕ್ಕೆ ಪೆಟ್ಟಿಗೆ ಹಿಡಿಯುತ್ತಾರೆ. ಆಗ ತಾರ ಷಡ್ಜ (ಮೇಲಿನ ಸ) ದಾಟಿದರೆ ಹುಡುಗರು ಕಿರುಚುತ್ತಾರೆ, ಮಂದ್ರಕ್ಕೆ (ಕೆಳಗಿನ ಸ್ಥಾಯಿಗೆ) ಇಳಿದರೆ ಹುಡುಗಿಯರ ದನಿ ಕೇಳುವುದೇ ಇಲ್ಲ. ಆದ್ದರಿಂದ ಮೇಳದ ಹಾಡಿನ ಧಾಟಿ ಮಧ್ಯ ಸ್ಥಾಯಿಯೊಳಗೇ ಓಡಾಡಬೇಕು. ಏರುವ ಸಾಲು, ಇಳಿಯುವ ಸಾಲುಗಳನ್ನು ಒಬ್ಬೊಬ್ಬರಿಗೇ ಬಿಟ್ಟುಕೊಡಬೇಕು.

ಎರಡನೆಯದು ನಡೆ, ಅಂದರೆ ಹಾಡುತ್ತ ರಂಗದ ಮೇಲೆ ನಡೆಯುವುದು. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ರಂಗದ ಅಗಲ 24 ಅಡಿ, ಹೆಜ್ಜೆಗೆ 2 ಅಡಿ ಎಂದರೆ ಆ ಬದಿಗೆ ತಲುಪಲು 12 ಹೆಜ್ಜೆ. ಆದಿತಾಳದ ಒಂದು ಆವರ್ತಕ್ಕೆ (ಸುತ್ತಿಗೆ) 8 ಎಣಿಕೆ. ಎಣಿಕೆಗೊಂದು ಹೆಜ್ಜೆ ಇಟ್ಟರೆ ಒಂದು ಆವರ್ತದ ಪಲ್ಲವಿಯ ಸಾಲು ಮುಗಿದಾಗ ನಟ ಮೂರರಲ್ಲೆರಡು ಭಾಗ ದಾಟಿ ಬಾಯಿ ಮುಚ್ಚಿಕೊಂಡು ನಡೆಯುತ್ತಿರುತ್ತಾನೆ. ಎರಡೂ ಬದಿಯಲ್ಲಿ 4 ಅಡಿ ಬಿಟ್ಟು ನಡುವಿನ 16 ಅಡಿಯಲ್ಲೇ ನಡೆ ಕಟ್ಟಿದರೆ ಸಾಲೂ ಹೆಜ್ಜೆಯೂ ಒಟ್ಟಿಗೆ ಮುಗಿಯುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮಾತು ಹಾಡಾಗುವ ಜಾಗ. ಮಾತು ನಿಂತು, ಪೆಟ್ಟಿಗೆ ಎರಡು ಸಾಲು ನುಡಿದು, ಆಮೇಲೆ ಹಾಡು ಶುರುವಾದರೆ ನಾಟಕ ಅಲ್ಲಿಗೆ ಕಡಿಯಿತು. ಮಾತಿನ ಕೊನೆಯ ಪದವೇ ಶ್ರುತಿಗೆ ಹತ್ತಿರ ಬಂದಿರಬೇಕು. ಅದಕ್ಕೆ ಹಾಡನ್ನು ಮೊದಲು ಬರೀ ಮಾತಾಗಿ ಓದಿ ಉಸಿರು ತೆಗೆಯುವ ಜಾಗ ಗುರುತಿಸಿಕೊಂಡು, ಆಮೇಲೆ ಕೈತಾಳ ಹಾಕಿ ಹೇಳಿ, ಕಡೆಗೆ ಧಾಟಿ ಕೂರಿಸಬೇಕು. ಧ್ವನಿಮುದ್ರಿತ ಟ್ರ್ಯಾಕ್ ಹಾಕಿದರೆ ಇದೆಲ್ಲ ವ್ಯರ್ಥ. ಪ್ರೇಕ್ಷಕರು ನಕ್ಕಾಗ ನಟ ಒಂದು ಕ್ಷಣ ಕಾಯುತ್ತಾನೆ, ಟ್ರ್ಯಾಕ್ ಕಾಯುವುದಿಲ್ಲ. ತಬಲಕ್ಕೆ ಮೈಕ್ ಇಟ್ಟು ನಟರನ್ನು ಹಾಗೇ ಬಿಡುವುದಂತೂ ಸಾಹಿತ್ಯವನ್ನು ಕೈಯಾರೆ ಮುಚ್ಚಿಹಾಕಿದಂತೆ.

ಮೇಲುಕೋಟೆಯಲ್ಲಿ ಹುಟ್ಟಿದ ಕವಿ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಗೀತನಾಟಕವನ್ನು ಕಾರಂತರು ‘ಬೆನಕ’ ನಾಟಕ ತಂಡಕ್ಕೆ ಆಡಿಸಿದ್ದು ಇಲ್ಲಿ ಹೇಳಲೇಬೇಕು. ಪು.ತಿ.ನ. ಸ್ವತಃ ರಾಗಗಳ ಬೆನ್ನು ಹತ್ತಿದವರು; ಈ ಕೃತಿಯಲ್ಲಿ ಹಾಡೇ ಮಾತು. ಕೃಷ್ಣ ಕೊಳಲು ಬಿಟ್ಟು ಮಥುರೆಗೆ ಹೊರಡುವುದನ್ನು ಗದ್ಯದಲ್ಲಿ ಹೇಳಿದರೆ ಸುದ್ದಿಯಾಗುತ್ತದೆ ಅಷ್ಟೆ. ಹಾಡು ಮಾತನ್ನು ನುಂಗಿತು ಎನ್ನುವವರು ಈ ನಾಟಕದ ಮುಂದೆ ಬೇರೆ ಅಳತೆಗೋಲು ಹಿಡಿಯಬೇಕು.

ಈಗಿನ ನಾಟಕ ತಂಡ ‘ಗೋಕುಲ ನಿರ್ಗಮನ’ವನ್ನು ಎತ್ತಿಕೊಳ್ಳಲಿ ಎಂಬುದು ನಮ್ಮ ಆಸೆ. ಇಡೀ ನಾಟಕ ಬೇಡ, ಕೃಷ್ಣನನ್ನು ಕರೆದೊಯ್ಯಲು ಅಕ್ರೂರ ಬರುವಲ್ಲಿಂದ ಮುಂದಕ್ಕೆ ಸಾಕು. ತಾಲೀಮಿನಲ್ಲಿ ಹಾಡು ಗೊತ್ತಿಲ್ಲದ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಕೇಳಿದ ಪದಗಳನ್ನು ಬರೆದುಕೊಳ್ಳಲು ಹೇಳಿ. ಎಲ್ಲಿ ಬಿಟ್ಟುಹೋಗಿದೆಯೋ ಅಲ್ಲಿ ವಾದ್ಯ ತಗ್ಗಿಸಿ.