ಕಾಕಾನ ದೊಡ್ಡ ಕಾರು: ಮೊದಲು ಹಿಂದಿನ ಸೀಟು, ಆಮೇಲೆ ಎಂಜಿನ್

"ಏನಪಾ, ಹೊಸಾದು ತಗೊಳ್ಳೋದೋ ಹಳೇದೋ? ಒಂದು ಮಾತು ಹೇಳಿಬಿಡು."

ಕಾಕಾ ಫೋನಿನಲ್ಲಿ ಕೇಳಿದ್ದು ಇಷ್ಟೇ. ಅವರಿಗೆ ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ತೊಗರಿಯ ದಾಲ್ ಮಿಲ್ ಇದೆ. ನಾನು ಮೋಟಾರ್ ಇನ್ಶೂರೆನ್ಸ್ ಸರ್ವೇಯರ್. ಆಕ್ಸಿಡೆಂಟ್ ಆದ ಗಾಡಿ, ನೀರಲ್ಲಿ ಮುಳುಗಿದ ಗಾಡಿ, ಕಲ್ಲು ಬಡಿದು ಎಂಜಿನ್ ಆಯಿಲ್ ಇರುವ ಚೇಂಬರ್ ಒಡೆದ ಗಾಡಿ ನೋಡುವುದೇ ನನ್ನ ದಿನದ ಕೆಲಸ. ಹಾಗಾಗಿ ಮನೆಯಲ್ಲಿ ಯಾರೇ ಕಾರು ತಗೊಂಡರೂ ಮೊದಲ ಫೋನ್ ನನಗೇ ಬರುತ್ತದೆ. ಆದರೆ ಈ ಸಲ ಮಾತು ಸಣ್ಣದಲ್ಲ. ಮರ್ಸಿಡಿಸ್ ಇ-ಕ್ಲಾಸ್, ಬಿಎಂಡಬ್ಲ್ಯೂ 5 ಸೀರೀಸ್, ಆಡಿ ಎ6, ಲೆಕ್ಸಸ್ ಇಎಸ್, ಈ ಸಾಲಿನ ಗಾಡಿ. ಮೂರು ತಿಂಗಳು ಹುಡುಕಿದೆವು. ಆ ಮೂರು ತಿಂಗಳಲ್ಲಿ ಕಲಿತದ್ದನ್ನು ನಮ್ಮ ಕಡೆಯವರಿಗೆ ಬರೆದಿಡೋಣ ಅನ್ನಿಸಿತು. ಬೆಂಗಳೂರಿನವರು ಹೇಳುವ ಲೆಕ್ಕ ಎಲ್ಲವೂ ಕಲಬುರಗಿಗೆ ಹೊಂದುವುದಿಲ್ಲ.

ಕಾರು ಬೇಕಾಗಿದ್ದು ಮನೆಯ ಹಿರಿಜೀವ ಆಯಿಗಾಗಿ. ಎರಡೂ ಮೊಣಕಾಲು ಆಪರೇಷನ್ ಆಗಿದೆ, ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಬೇಕು, ಹೋಗಿ ಬರುವುದಕ್ಕೆ ಹತ್ತಿರ ಹತ್ತಿರ 450 ಕಿಲೋಮೀಟರ್. ಮನೆಯಲ್ಲಿ ದೊಡ್ಡ ಎಸ್‌ಯುವಿ ಇದೆ. ಅದಕ್ಕೆ ಹತ್ತಲು ಒಂದು ಸಣ್ಣ ಮಣೆ ಇಟ್ಟಿದ್ದರು. ಆಯಿ ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದು ಕೈಯಲ್ಲಿ ಕಾಕಾನ ಹೆಗಲು ಹಿಡಿದು, ಹಲ್ಲು ಕಚ್ಚಿ ಹತ್ತುವುದನ್ನು ನಾನೇ ನೋಡಿದ್ದೇನೆ.

ಅದಕ್ಕೇ ನಾವು ಎಂಜಿನ್ ಬಿಟ್ಟು ಹಿಂದಿನ ಬಾಗಿಲಿನಿಂದ ಶುರು ಮಾಡಿದೆವು. ಆಯಿಯನ್ನು ಕರೆದುಕೊಂಡು ಹೋಗಿ ಕೂರಿಸಿಯೇ ನೋಡಿದೆವು. ಸೆಡಾನ್ ತೀರಾ ತಗ್ಗು, ವಯಸ್ಸಾದವರಿಗೆ ಆಗುವುದಿಲ್ಲ ಅನ್ನುತ್ತಾರೆ ಅಲ್ವಾ? ಅದು ಅರ್ಧ ನಿಜ. ಬಾಗಿಲು ಅಗಲವಾಗಿ ತೆರೆದುಕೊಂಡು, ಮುಂದಿನ ಸೀಟು ದೂರ ಇದ್ದರೆ, ಆಯಿ ಮೊದಲು ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂರುತ್ತಾಳೆ, ಆಮೇಲೆ ಒಂದೊಂದೇ ಕಾಲು ಎತ್ತಿ ಒಳಗೆ ತೆಗೆದುಕೊಳ್ಳುತ್ತಾಳೆ. ಆ ಕಾಲು ತಿರುಗಲು ಎಷ್ಟು ಜಾಗ ಇದೆ ಅನ್ನುವುದೇ ಇಡೀ ಪರೀಕ್ಷೆ. 2017ರಲ್ಲಿ ಬಂದ ಇ-ಕ್ಲಾಸ್ ನಮ್ಮ ದೇಶಕ್ಕೆ ಉದ್ದದ ಮಾದರಿಯಲ್ಲೇ ಬಂತು, ವೀಲ್‌ಬೇಸ್ ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 3,079 ಮಿಲಿಮೀಟರ್. ಅದೇ ವರ್ಷದ 5 ಸೀರೀಸ್‌ಗೆ 2,975. ಓದಲು ಹತ್ತು ಸೆಂಟಿಮೀಟರ್, ಆಯಿಯ ಮೊಣಕಾಲಿಗೆ ಅದೇ ಎಲ್ಲ. 5 ಸೀರೀಸ್‌ನಲ್ಲಿ ಅವಳ ಪಾದ ಬಾಗಿಲಿನ ಕಂಬಕ್ಕೆ ತಾಗಿ ನಿಂತಿತು. ಇ-ಕ್ಲಾಸ್‌ನಲ್ಲಿ ಸಲೀಸಾಗಿ ಒಳಗೆ ಹೋಯಿತು. "ಹತ್ತೋದು ಇಲ್ಲಲ್ಲೋ ತಮ್ಮಾ, ಕುಂತರ ಮುಗೀತು" ಅಂದಳು. 2024ರಲ್ಲಿ ಬಿಎಂಡಬ್ಲ್ಯೂನವರೂ ಉದ್ದದ 530 ಎಲ್‌ಐ ತಂದಿದ್ದಾರೆ, ವೀಲ್‌ಬೇಸ್ 3,105. ಅಂದರೆ ಈ ತೊಂದರೆ ಹಳೆಯ ಗಾಡಿಗೆ ಮಾತ್ರ, ಹೊಸದಕ್ಕಲ್ಲ.

ಇನ್ನೊಂದು, ಹಿಂದಿನ ಎಸಿಯನ್ನು ಮಧ್ಯಾಹ್ನ ಎರಡು ಗಂಟೆಗೇ ನೋಡಿ. ಮೇ ತಿಂಗಳಲ್ಲಿ ನಮ್ಮಲ್ಲಿ 43 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ, ಆಮೇಲೆ ಹಿಂದೆ ಕೂತು ಎಷ್ಟು ಹೊತ್ತಿಗೆ ತಂಪು ಬರುತ್ತದೆ ನೋಡಬೇಕು. ಬೆಳಗ್ಗೆ ಹತ್ತಕ್ಕೆ ಶೋರೂಮಿನ ನೆರಳಲ್ಲಿ ಎಲ್ಲ ಗಾಡಿಯೂ ತಂಪೇ.

ಈಗ ದುಡ್ಡು. ಹೊಸ ಇ-ಕ್ಲಾಸ್ ಡೀಸೆಲ್ 2024ರ ಅಕ್ಟೋಬರ್‌ನಲ್ಲಿ ಬಂದಾಗ ಎಕ್ಸ್ ಶೋರೂಮ್ 81.5 ಲಕ್ಷ ಇತ್ತು. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಸೆಡಾನ್‌ಗಳ ಮೇಲೆ ಜಿಎಸ್‌ಟಿ, ಸೆಸ್ ಸೇರಿ ಇದ್ದ 48 ಪರ್ಸೆಂಟ್ 40ಕ್ಕೆ ಇಳಿದು ಸ್ವಲ್ಪ ಹಗುರ ಆಯಿತು. ಆದರೂ ಲೆಕ್ಕಕ್ಕೆ ಸುಲಭ ಆಗಲಿ ಅಂತ 80 ಲಕ್ಷ ಹಿಡಿಯೋಣ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟ್, ಆ ಟ್ಯಾಕ್ಸ್ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಅಂದರೆ ಹತ್ತಿರ ಹತ್ತಿರ 16 ಲಕ್ಷ ಆರ್‌ಟಿಒಗೇ ಹೋಯಿತು. ಟಿಸಿಎಸ್, ಅಂದರೆ ಡೀಲರ್ ಮೊದಲೇ ಹಿಡಿಯುವ ಆದಾಯ ತೆರಿಗೆ, 1 ಪರ್ಸೆಂಟ್ ಕಟ್ಟುತ್ತೀರಿ, ಅದು ರಿಟರ್ನ್ಸ್‌ನಲ್ಲಿ ಸಿಗುತ್ತದೆ. ಇನ್ಶೂರೆನ್ಸ್ ಸೇರಿಸಿದರೆ ಕೋಟಿಯ ಬಾಗಿಲಿಗೆ ಬಂದು ನಿಂತಿರುತ್ತೀರಿ. ಮಿಲ್ ಹೆಸರಿನಲ್ಲಿ ತಗೊಂಡರೂ ಜಿಎಸ್‌ಟಿ ಕ್ರೆಡಿಟ್ ಸಿಗುವುದಿಲ್ಲ, ಆದಾಯ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ 15 ಪರ್ಸೆಂಟ್ ಡಿಪ್ರಿಸಿಯೇಷನ್ (ಸವಕಳಿ) ಸಿಗುತ್ತದೆ, ಅದು ಹಳೆಯದಕ್ಕೂ ಸಿಗುತ್ತದೆ.

ಈ 16 ಲಕ್ಷ ಇದೆಯಲ್ಲ, ನನಗೆ ಬಹಳ ಹೊಟ್ಟೆ ಉರಿಯುವುದು ಅದಕ್ಕೇ. ಗಾಡಿ ಮಾರುವಾಗ ಯಾರೂ ಅದನ್ನು ಬಿಡಿಸಿ ವಾಪಸ್ ಕೊಡುವುದಿಲ್ಲ. ಮೊದಲ ಓನರ್ ಕಟ್ಟಿದ ಟ್ಯಾಕ್ಸ್ ಎರಡನೇ ಓನರ್‌ಗೆ ಸುಮ್ನೆ ಬರುತ್ತದೆ, ಗಾಡಿ ಕೆಎ ನಂಬರಿನದಾಗಿದ್ದರೆ. ಆ "ಆಗಿದ್ದರೆ" ಅನ್ನುವಲ್ಲೇ ನಮ್ಮ ಭಾಗದ ಜನ ಜಾಸ್ತಿ ಎಡವುತ್ತಾರೆ.

ಯಾಕೆಂದರೆ ನಮಗೆ ಹೈದರಾಬಾದ್ ಹತ್ತಿರ. ಅಲ್ಲಿ ಇಂಥ ಗಾಡಿ ಬೇಕಾದಷ್ಟು ಸಿಗುತ್ತವೆ, ರೇಟ್ ಬೆಂಗಳೂರಿಗಿಂತ ಕಡಿಮೆ ಕಾಣುತ್ತದೆ. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಗಾಡಿಯ ವಯಸ್ಸಿಗೆ ತಕ್ಕಂತೆ ಟ್ಯಾಕ್ಸ್ ಕಡಿಮೆಯಾಗುತ್ತದೆ ನಿಜ, ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ರೇಟಿನ ಮೇಲಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ. 65 ಲಕ್ಷದ ಗಾಡಿಗೆ ನಾಲ್ಕು ವರ್ಷ ಆಗಿದ್ದರೂ ಹಲವು ಲಕ್ಷ ಆಗುತ್ತದೆ. ಉಳಿಯಿತು ಅಂದುಕೊಂಡಿದ್ದೆಲ್ಲ ಅಲ್ಲೇ ಹೋಯಿತು. ದೆಹಲಿಯಿಂದ ಬರುವ ಡೀಸೆಲ್ ಗಾಡಿಗಳಿಗೂ ಇದೇ ಮಾತು, ಅಲ್ಲಿ 10 ವರ್ಷ ಆದ ಡೀಸೆಲ್‌ಗೆಲ್ಲ ನಿರ್ಬಂಧ ಇದ್ದಾಗ ಅಗ್ಗಕ್ಕೆ ಬಿಡುತ್ತಿದ್ದರು ಅಷ್ಟೇ.

ಆದರೂ ಒಂದು ಗಾಡಿ ನೋಡಲು ಹೈದರಾಬಾದಿಗೆ ಹೋದೆವು. 2019ರ ಇ-ಕ್ಲಾಸ್ ಡೀಸೆಲ್, 36 ಲಕ್ಷ ಹೇಳಿದ್ದರು. ಬಣ್ಣ ಮಿರಮಿರ ಮಿಂಚುತ್ತಿತ್ತು. ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ ಇಟ್ಟರೆ ಎಲ್ಲ ಕಡೆ 110, 120 ಮೈಕ್ರಾನ್, ಕಂಪನಿಯ ಬಣ್ಣವೇ. ಕಾಕಾ ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದ್ದರು. ನಾನು ಹಿಂದೆ ಕೂತು ಸೀಟ್ ಬೆಲ್ಟ್ ಪೂರ್ತಿ ಎಳೆದೆ. ದಿನಾ ಹಾಕಿಕೊಳ್ಳುವಷ್ಟಲ್ಲ, ಕೊನೆಯ ಗೇಣಿನವರೆಗೆ, ಇನ್ನು ಬರುವುದಿಲ್ಲ ಅನ್ನುವ ತನಕ. ಆ ಕೊನೆಯ ಗೇಣಿನಲ್ಲಿ ಚಹಾ ಬಣ್ಣದ ಒಂದು ಗೆರೆ ಇತ್ತು. ಬೆರಳಿನಿಂದ ಉಜ್ಜಿದರೆ ಹಿಟ್ಟಿನಂಥ ಸಣ್ಣ ಮಣ್ಣು ಅಂಟಿತು. ಮುಂದಿನ ಸೀಟಿನ ಕೆಳಗೆ ಟಾರ್ಚ್ ಹಾಕಿದೆ, ರೇಲಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಕಾರ್ಪೆಟ್ ಮಾತ್ರ ಹೊಚ್ಚ ಹೊಸದು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಆದ ಮಳೆ ನೆನಪಿದೆಯಲ್ಲ, ಕಾರುಗಳು ರಸ್ತೆಯಲ್ಲಿ ತೇಲಿ ಹೋಗಿದ್ದವು. ಹಳೆಯ ಪಾಲಿಸಿಗಳ ಕಾಪಿ ಕೇಳಿದೆ. ಡೀಲರ್ ಮೊದಲು ಇಲ್ಲ ಅಂದರು, ಆಮೇಲೆ ಒಂದು ತೋರಿಸಿದರು. 2021ರ ಪಾಲಿಸಿಯಲ್ಲಿ ನೋ ಕ್ಲೈಮ್ ಬೋನಸ್ ಸೊನ್ನೆ. ಅಂದರೆ ಹಿಂದಿನ ವರ್ಷ ಕ್ಲೈಮ್ ಆಗಿದೆ.

ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಈ ಬೋನಸ್ ಅಂದರೆ ಕ್ಲೈಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ವರ್ಷ ವರ್ಷ 20, 25, 35, 45, 50 ಪರ್ಸೆಂಟ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಕ್ಲೈಮ್ ಮಾಡಿದರೆ ಕೆಳಗೆ ಬೀಳುತ್ತದೆ. ಅದು ಗಾಡಿಗಲ್ಲ, ಓನರ್‌ಗೆ ಸೇರಿದ್ದು, ನಿಮಗೆ ಬರುವುದಿಲ್ಲ. ಆದರೆ ಒಬ್ಬನೇ ಓನರ್ ಇಟ್ಟುಕೊಂಡ ಗಾಡಿಯ ಹಳೆಯ ಪಾಲಿಸಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಯಾವ ವರ್ಷ ಏನಾಯಿತು ಅಂತ ಕಾಗದವೇ ಹೇಳುತ್ತದೆ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯ) 75 ಪರ್ಸೆಂಟ್ ದಾಟಿದರೆ ನಾವು ಟೋಟಲ್ ಲಾಸ್ ಅಂತ ಬರೆಯುತ್ತೇವೆ, ಆ ಗಾಡಿ ಹರಾಜಿನಲ್ಲಿ ಹೋಗುತ್ತದೆ, ತಗೊಂಡವರು ಅದನ್ನು ತೊಳೆದು ರಿಪೇರಿ ಮಾಡಿ ಮತ್ತೆ ಮಾರುಕಟ್ಟೆಗೆ ಬಿಡುತ್ತಾರೆ. ಇಂಥ ಕಾರಿನಲ್ಲಿ ಸೀಟಿನ ಕೆಳಗೆ, ಕಾರ್ಪೆಟ್ ಕೆಳಗೆ ಎಲ್ಲ ವೈರಿಂಗ್, ಕಂಟ್ರೋಲ್ ಯೂನಿಟ್ ಇರುತ್ತವೆ. ನೀರು ಕುಡಿದ ಕನೆಕ್ಟರ್ ಇವತ್ತು ಚೆನ್ನಾಗಿರುತ್ತದೆ, ಎರಡು ಮಳೆಗಾಲ ಕಳೆದ ಮೇಲೆ ಹಸಿರು ಹಿಡಿದು ರಸ್ತೆ ಮಧ್ಯೆ ಕೈಕೊಡುತ್ತದೆ. ಹಿಂದೆ ಆಯಿ ಕೂತಿರುತ್ತಾಳೆ, ಹೊರಗೆ 43 ಡಿಗ್ರಿ. ಆ ಗಾಡಿ ಬೇಡ ಅಂದೆ. ವಾಪಸ್ ಬರುವಾಗ ಜಹೀರಾಬಾದ್ ತನಕ ಕಾಕಾ ಮಾತಾಡಲಿಲ್ಲ.

ಇನ್ನು ಗಾಡಿಯ ಹೊಟ್ಟೆ. ನಮ್ಮದು ಎರೆಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಜೊತೆಗೆ ಸೇಡಂ ಕಡೆ ಸಿಮೆಂಟ್ ಲಾರಿ, ಶಹಾಬಾದ್ ಕಡೆ ಕಲ್ಲಿನ ಲಾರಿ. ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಿದರೆ ಉದ್ದದ ಸೆಡಾನ್ ಹಂಪಿನ ಮೇಲೆ ಹೊಟ್ಟೆ ಉಜ್ಜುತ್ತದೆ. ಅದಕ್ಕೇ ಲಿಫ್ಟ್ ಮೇಲೆ ಎತ್ತದೆ ಹಳೆಯ ಗಾಡಿ ತಗೋಬೇಡಿ. ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿಸಿ ಚೇಂಬರ್ ನೋಡಿ, ಸಸ್ಪೆನ್ಷನ್‌ನ ರಬ್ಬರ್ ಬುಷ್ ನೋಡಿ. ಸ್ಪ್ರಿಂಗ್ ಬದಲು ಗಾಳಿಚೀಲದ ಏರ್ ಸಸ್ಪೆನ್ಷನ್ ಇರುವ ಗಾಡಿಯಾದರೆ ರಾತ್ರಿಯೆಲ್ಲ ನಿಂತ ಮೇಲೆ ಬೆಳಗ್ಗೆ ಯಾವುದಾದರೂ ಮೂಲೆ ಕುಸಿದಿದೆಯಾ ನೋಡಿ, ಸ್ಟಾರ್ಟ್ ಮಾಡುವ ಮುಂಚೆ.

ಟೈರ್ ವಿಷಯ ಯಾರೂ ಕೇಳುವುದಿಲ್ಲ. 225/55 ಆರ್17, ಅಂದರೆ 17 ಇಂಚಿನ ರಿಮ್ಮಿನ ಟೈರಿನ ಗೋಡೆ ಸುಮಾರು 124 ಮಿಲಿಮೀಟರ್ ಎತ್ತರ, 18 ಇಂಚಿನ 245/45 ಆರ್18ದು 110. ನೋಡಲು ದೊಡ್ಡ ಚಕ್ರ ಚಂದ, ಆದರೆ ಗುಂಡಿಗೆ ಬಿದ್ದಾಗ ಟೈರ್ ಉಬ್ಬುವುದು, ರಿಮ್ ಬಾಗುವುದು ಅದರದೇ. ನಮ್ಮ ಕಡೆ ಸಣ್ಣ ರಿಮ್ ಒಳ್ಳೆಯದು ಅಂತ ನನ್ನ ಖಚಿತ ಅಭಿಪ್ರಾಯ. ರನ್‌ಫ್ಲಾಟ್ ಟೈರ್ ಪಂಕ್ಚರ್ ಆದರೆ 80ರ ಸ್ಪೀಡಿನಲ್ಲಿ ಸುಮಾರು 80 ಕಿಲೋಮೀಟರ್ ಓಡುತ್ತದೆ. ಊರೊಳಗೆ ಅದು ಸಾಕು, ಹೈದರಾಬಾದ್ ದಾರಿಗೆ ಸಾಲದು. ಸ್ಟೆಪ್ನಿ ಇದೆಯಾ ಕೇಳಿ.

ಡೀಸೆಲ್ ಬೇಡ ಅನ್ನುವವರು ಬಹಳ ಜನ. ನನ್ನ ಪ್ರಕಾರ ಓಡಾಟ ನೋಡಿ ಹೇಳಬೇಕು. ಮನೆಯಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಮನೆ, ಇಷ್ಟೇ ಓಡಾಟ ಇದ್ದರೆ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್‌ನ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಹೊಗೆ ಶುದ್ಧ ಮಾಡುವ ಯೂರಿಯಾ ಸಿಸ್ಟಂನ ಸೆನ್ಸರ್ ಹೋದರೆ ಬಿಲ್ ನೋಡಿ ತಲೆ ತಿರುಗುತ್ತದೆ. ಆದರೆ ತಿಂಗಳಿಗೆ ಒಂದೆರಡು ಸಲ ಹೆದ್ದಾರಿಯಲ್ಲಿ ಎರಡು ಗಂಟೆ ಬಿಡದೆ ಓಡಿದರೆ ಆ ಮಸಿ ತಾನೇ ಸುಟ್ಟು ಫಿಲ್ಟರ್ ಸ್ವಚ್ಛವಾಗುತ್ತದೆ. ಕಾಕಾನ ಓಡಾಟ ಅಂಥದ್ದು. ಇನ್ನು ಬಿಎಂಡಬ್ಲ್ಯೂ ತಗೊಳ್ಳುವವರಿಗೆ ಒಂದು ಮಾತು: ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ.

ಹೊಸದೇ ಬೇಕು ಅನ್ನುವವರಿಗೆ ನಾನು ಲೆಕ್ಸಸ್ ಇಎಸ್ ನೋಡಿ ಅನ್ನುತ್ತೇನೆ. 300ಎಚ್ ಮಾದರಿಯಲ್ಲಿ 2.5 ಲೀಟರ್ ಪೆಟ್ರೋಲ್ ಹೈಬ್ರಿಡ್, ಚಾರ್ಜ್ ಮಾಡುವ ರಗಳೆ ಇಲ್ಲ, 2020ರಲ್ಲಿ ನಮ್ಮ ಬಿಡದಿಯಲ್ಲೇ ಜೋಡಿಸಲು ಶುರು ಮಾಡಿದರು. ಓಡಿಸುವವರಿಗೆ ಹುಮ್ಮಸ್ಸು ಬರುವ ಗಾಡಿ ಅಲ್ಲ. ಹಿಂದೆ ಕೂತವರಿಗೆ ಬಹಳ ನಿಶ್ಶಬ್ದ. ಕಾಕಾನಿಗೆ ಮಾತ್ರ ಮುಂದೆ ಮರ್ಸಿಡಿಸ್‌ನ ನಕ್ಷತ್ರವೇ ಬೇಕಿತ್ತು, ಅದರಲ್ಲಿ ತಪ್ಪೇನೂ ಇಲ್ಲ, ಮೂವತ್ತು ವರ್ಷ ದುಡಿದಿದ್ದಾರೆ.

ಕೊನೆಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ. 2021ರ ಇ-ಕ್ಲಾಸ್ ಡೀಸೆಲ್, ಕೆಎ ನಂಬರ್, ಒಬ್ಬರೇ ಓನರ್, 41 ಸಾವಿರ ಕಿಲೋಮೀಟರ್, ಎಲ್ಲ ಸರ್ವಿಸ್ ಬಿಲ್‌ಗಳೂ ಫೈಲಿನಲ್ಲಿ. ಪಾಲಿಸಿಯಲ್ಲಿ ಬೋನಸ್ ಒಂದು ವರ್ಷವೂ ಕೆಳಗೆ ಬಿದ್ದಿರಲಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಲಿಫ್ಟ್ ಮೇಲೆ ಎತ್ತಿಸಿ, ಸ್ಕ್ಯಾನರ್ ಹಾಕಿಸಿದೆ. ಮೀಟರ್‌ನಲ್ಲಿದ್ದ ಕಿಲೋಮೀಟರೂ ಒಳಗಿನ ಯೂನಿಟ್‌ಗಳಲ್ಲಿದ್ದದ್ದೂ ಒಂದೇ. ಟೈರಿನ ಮೇಲೆ ನಾಲ್ಕು ಅಂಕಿ 2321 ಅಂತಿತ್ತು, ಅಂದರೆ 2021ರ 23ನೇ ವಾರದ ಟೈರ್. ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಶುರುವಾಗಿತ್ತು. ಅದನ್ನು ಫೋಟೋ ತೆಗೆದು ತೋರಿಸಿದೆ, ನಾಲ್ಕು ಟೈರಿನ ದುಡ್ಡು ರೇಟಿನಲ್ಲಿ ಇಳಿಸಿದರು. ಹೊಸದಕ್ಕೆ ಆಗುತ್ತಿದ್ದ ಖರ್ಚಿನ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯಿತು. ಕೆಎ ನಂಬರ್ ಆದ್ದರಿಂದ ಮತ್ತೆ ಲೈಫ್ ಟ್ಯಾಕ್ಸ್ ಇಲ್ಲ, ಆರ್‌ಸಿಯಲ್ಲಿ ಹೆಸರು, ವಿಳಾಸ ಬದಲಾದರೆ ಸಾಕು.

ಕಾಕಾನಿಗೆ ಇದ್ದ ಒಂದೇ ಅಳುಕು, "ಸೆಕೆಂಡ್ ಹ್ಯಾಂಡ್ ತಂದ್ರ ಮಂದಿ ಏನಂತಾರ." ಉಳಿದ ದುಡ್ಡಿನಲ್ಲಿ ಐದು ಲಕ್ಷ ಬೇರೆಯೇ ಇಡಿ ಅಂದೆ, ಈ ಗಾಡಿಗೇ ಅಂತ. ಹಳೆಯ ಇ-ಕ್ಲಾಸ್ ಅಗ್ಗಕ್ಕೆ ಸಿಕ್ಕಬಹುದು, ಅದರ ಸ್ಪೇರ್ ಪಾರ್ಟ್ ಅಗ್ಗ ಆಗುವುದಿಲ್ಲ. ಹೆಡ್‌ಲೈಟ್ ಒಡೆದರೆ ಹೊಸ ಗಾಡಿಯವರು ಕೊಡುವ ರೇಟೇ ನಾವೂ ಕೊಡಬೇಕು. ಅವರು ಬ್ಯಾಂಕಿಗೆ ಹೋಗಿ ಅದೇ ದಿನ ಎಫ್‌ಡಿ ಮಾಡಿದರು.

ಹೋದ ಗುರುವಾರ ಮೊದಲ ಸಲ ಆಯಿಯನ್ನು ಕರೆದುಕೊಂಡು ಹೊರಟೆವು. ಮಣೆ ಮನೆಯಲ್ಲೇ ಉಳಿಯಿತು. ಹುಮನಾಬಾದ್ ದಾಟಿ ಹೆದ್ದಾರಿ 65ಕ್ಕೆ ಸೇರುವಾಗ ಹಿಂದೆ ತಿರುಗಿ ನೋಡಿದರೆ ಸೀಟು ಒರಗಿಸಿಕೊಂಡು, ಸೆರಗು ಮುಖಕ್ಕೆ ಎಳೆದುಕೊಂಡು ಮಲಗಿದ್ದಳು. ಹಿಂದಿನ ಬಲಗಡೆ ಒಂದು ಸಣ್ಣ ಕಟಕಟ ಶಬ್ದ ಇದೆ, ಸಸ್ಪೆನ್ಷನ್‌ನ ಲಿಂಕ್ ರಾಡ್ ಇರಬೇಕು. ಸೋಮವಾರ ಲಿಫ್ಟ್ ಮೇಲೆ ಹಾಕಿಸುತ್ತೇನೆ.