ಈ ಗಾಡಿ ಏನು ಹೊತ್ತಿತ್ತು?

67ರ ವಯಸ್ಸಿನಲ್ಲಿ ಪಿಕಪ್ ಯಾಕೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದೆವು. ಅಪ್ಪ ಯಾರೊಂದಿಗೂ ವಾದಕ್ಕೆ ಇಳಿಯಲಿಲ್ಲ. "ಟೊಮೆಟೊ ಕಿತ್ತು ಬಾಕ್ಸಿಗೆ ತುಂಬಿದ ಮೇಲೆ ಬಾಡಿಗೆ ಗಾಡಿಯವನ ಫೋನಿಗೆ ಕಾಯುವುದು ಇನ್ನು ನನ್ನ ಕೈಲಾಗುವುದಿಲ್ಲ" ಎಂದರು, ಅಷ್ಟೇ. ನಮ್ಮದು ಶ್ರೀನಿವಾಸಪುರದ ಕಡೆ. ಮಾವಿನ ಕಾಲದಲ್ಲಿ ಇರುವ ಗಾಡಿಗಳೆಲ್ಲ ಮಾವಿನ ಮಂಡಿಗೆ ಓಡುತ್ತವೆ. ಟೊಮೆಟೊ ಬೆಳೆದವರು ಕೋಲಾರದ ಹರಾಜಿಗೆ ಹೊತ್ತು ಮೀರಿತೆಂದು ಚಡಪಡಿಸುತ್ತ ಕೂರಬೇಕು. ನಾನು ಬ್ಯಾಂಕಿನಲ್ಲಿ ಸಾಲದ ಕಡತ ನೋಡುವವಳು. ಬಾಡಿಗೆಯೇ ಅಗ್ಗ ಎಂದು ಲೆಕ್ಕ ಹಾಕಿ ತೋರಿಸಿದೆ. ಅವರು ಹಾಳೆಯನ್ನು ಮರ್ಯಾದೆಯಿಂದ ಮಡಚಿ ಜೇಬಿಗಿಟ್ಟುಕೊಂಡು, "ಎರಡನೇ ಶನಿವಾರ ನಿನಗೆ ರಜೆ ಅಲ್ಲವೇನಮ್ಮ?" ಎಂದರು.

ಕೋಲಾರದ ಹೊರವಲಯದಲ್ಲಿ 'ಆಟೋ ಕನ್ಸಲ್ಟೆಂಟ್ಸ್' ಎಂಬ ಬೋರ್ಡಿನ ಕೆಳಗೆ ಹಳೆಯ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ನೋಡಲು ಚೆನ್ನಾಗಿಯೇ ಇರುವ ಗಾಡಿಗಳು ಇಷ್ಟೊಂದು ಮಾರಾಟಕ್ಕೆ ಯಾಕೆ ಬಂದಿವೆ ಎಂದು ಮೊದಲು ನನಗೆ ಅಚ್ಚರಿಯಾಯಿತು. 2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದು ನೆನಪಿರಬಹುದು. ಆ ಉತ್ಸಾಹದಲ್ಲಿ ಕಂತಿಗೆ ಕೊಂಡವು ಕಂತು ಕಟ್ಟಲಾಗದೆ ಇಲ್ಲಿಗೆ ಬಂದಿರಬೇಕು ಎಂಬುದು ನನ್ನ ಊಹೆ. ಬ್ಯಾಂಕಿನವರಿಗೆ ಇಂಥ ಊಹೆ ಬೇಗ ಹೊಳೆಯುತ್ತದೆ.

ಮೊದಲು ತೋರಿಸಿದ ಗಾಡಿ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಮೀಟರಿನಲ್ಲಿ 62 ಸಾವಿರ ಕಿಲೋಮೀಟರ್. ಕ್ಲಚ್ ಪೆಡಲಿನ ರಬ್ಬರು ಮಾತ್ರ ತಳದ ಕಬ್ಬಿಣ ಕಾಣುವಷ್ಟು ಸವೆದಿತ್ತು, ಮೀಟರನ್ನು ನಂಬುವಂತಿರಲಿಲ್ಲ. ಟೈರುಗಳನ್ನು ಹೋದ ವರ್ಷ ಹಾಕಿಸಿದ್ದು ಎಂದು ಅಂಗಡಿಯ ಮಾಲೀಕ ಆಣೆ ಮಾಡಿದ. ಟೈರಿನ ಪಕ್ಕೆಯಲ್ಲಿ 1719 ಎಂದಿತ್ತು, ಎಂದರೆ 2019ರ 17ನೇ ವಾರದಲ್ಲಿ ತಯಾರಾದದ್ದು. ನಾನು ಅದನ್ನು ಓದಿ ಹೇಳುವಾಗ ಅಪ್ಪ ಅಲ್ಲಿರಲಿಲ್ಲ. ಹಿಂದಿನ ತೊಟ್ಟಿಗೆ ಹತ್ತಿ, ಹಾಸಿದ್ದ ರಬ್ಬರ್ ಮ್ಯಾಟನ್ನು ಎತ್ತಿ, ಮನೆಯ ಬೀಗದಕೈಯಿಂದ ತಗಡನ್ನು ಕೆರೆಯುತ್ತಿದ್ದರು. ತಗಡಿನ ಏಣುಗಳ ನಡುವಿನ ಕಾಲುವೆಗಳಲ್ಲಿ ತುಕ್ಕು ಪದರಪದರವಾಗಿ ಎದ್ದು ಬಂತು. ಒಂದು ಕಡೆ ಬೀಗದಕೈ ತೂರಿ ಕೆಳಗಿನ ನೆಲ ಕಂಡಿತು. "ಹಣ್ಣು ಒಡೆದ ರಸ ಇಳಿದಿರುವುದು. ತೊಳೆಯದೆ ಬಿಟ್ಟಿದ್ದಾರೆ. ತೊಟ್ಟಿಯನ್ನೇ ತೊಳೆಯದವನು ಆಯಿಲ್ ಬದಲಾಯಿಸಿರುತ್ತಾನೆಯೇ?" ಎಂದರು. ಮುಂದಿನ ಗಾಡಿಗೆ ಅವರೇ ಹೊರಟರು.

ಅದರ ಕಥೆ ಇನ್ನೂ ಚುಟುಕು. ಪಕ್ಕದ ಹಲಗೆಗಳು ಹೊರಗೆ ಉಬ್ಬಿದ್ದವು, ಭಾರ ತಾಳುವ ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಕಟ್ಟಿನಲ್ಲಿ ಒಂದು ಪಟ್ಟಿ ಹೊಸದು. ಕ್ವಾರಿಯ ಕಲ್ಲು ಹೊತ್ತದ್ದು ಎಂದು ಅಪ್ಪ ದೂರದಿಂದಲೇ ತೀರ್ಪು ಕೊಟ್ಟರು. ಎಷ್ಟು ಓಡಿದೆ ಎಂದು ಎಲ್ಲರೂ ಕೇಳುತ್ತಾರೆ, ಏನು ಹೊತ್ತಿತ್ತು ಎಂದು ಕೇಳುವವರು ಕಡಿಮೆ. ಸಾಲಕ್ಕೆ ಬರುವ ಗಾಡಿಗಳ ವಿಷಯದಲ್ಲಿ ನಮ್ಮ ಬ್ಯಾಂಕೂ ಕೇಳುವುದಿಲ್ಲ.

ಅವರಿಗೆ ಒಪ್ಪಿಗೆಯಾದದ್ದು ಮೂಲೆಯಲ್ಲಿದ್ದ, ಸೀಟು ಹರಿದ, ಕೆಎ 40 ನಂಬರಿನ 2018ರ ಗಾಡಿ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಸಾಗಿಸುತ್ತಿದ್ದದ್ದು ಎಂದ ಮಾಲೀಕ. ಅಪ್ಪ ತೊಟ್ಟಿಯಲ್ಲಿ ಮೂಗಿಟ್ಟು ಮೂಸಿ ಹೌದೆಂದು ತಲೆಯಾಡಿಸಿದರು. ಗೂಡು ಜಾಗ ತುಂಬುತ್ತದೆಯೇ ಹೊರತು ಭಾರ ಹಾಕುವುದಿಲ್ಲ. ತಗಡಿನ ಮೂಲ ಬಣ್ಣ ಹಾಗೆಯೇ ಇತ್ತು. ಜೊತೆಗೆ ಬಂದಿದ್ದ ಊರಿನ ಮೆಕ್ಯಾನಿಕ್ ಎಂಜಿನ್ ಚಾಲೂ ಮಾಡಿಸಿ ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ. ಹೊಗೆ ಒತ್ತಿ ಬರಲಿಲ್ಲ, ಎಂದರೆ ಎಂಜಿನ್ ಒಳಗೆ ಸವೆದಿಲ್ಲ. ತೇರಹಳ್ಳಿ ಬೆಟ್ಟದ ಏರಿನಲ್ಲಿ ಅಪ್ಪನೇ ಓಡಿಸಿದರು. ಏರಿನ ನಡುವೆ ಬೇಕೆಂದೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಮತ್ತೆ ಹೊರಡಿಸಿದರು. ಮಾಲೀಕನ ಹುಡುಗ ಹಿಂದಿನ ತೊಟ್ಟಿಯಲ್ಲಿ ಸರಳು ಹಿಡಿದು ದೇವರ ಹೆಸರು ಹೇಳುತ್ತಿದ್ದ.

ಚೌಕಾಸಿ ತೆಲುಗಿನಲ್ಲಿ ನಡೆಯಿತು. ನಮ್ಮ ಕಡೆ ದುಡ್ಡಿನ ಮಾತು ಆ ಭಾಷೆಯಲ್ಲಿ ಬೇಗ ಇಳಿಯುತ್ತದೆ. 4 ಲಕ್ಷ 80 ಸಾವಿರ ಎಂದದ್ದು 4 ಲಕ್ಷ 35ಕ್ಕೆ ನಿಂತಿತು. ಆಮೇಲೆ ನನ್ನ ಸರದಿ. ಗಾಡಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ಇನ್ನೂ ಕುಳಿತಿತ್ತು. "ಸಾಲ ತೀರಿದೆ ಮೇಡಂ, ಸಾಲ ಕೊಟ್ಟವರ ಎನ್‌ಒಸಿ ಪತ್ರ ಆಮೇಲೆ ತರಿಸಿಕೊಡುತ್ತೇನೆ. ಈಗ 29, 30ನೇ ಫಾರಂಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ, ವರ್ಗಾವಣೆ ನಿಧಾನವಾಗಿ ಮಾಡಿಸಿದರಾಯಿತು" ಎಂದ. ಈ 'ನಿಧಾನವಾಗಿ' ನನಗೆ ಕಚೇರಿಯಲ್ಲಿ ದಿನವೂ ಕೇಳುವ ಮಾತು. ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ 35ನೇ ಫಾರಂ ಕೈಗೆ ಬರುವವರೆಗೆ ಟೋಕನ್ ಹಣ ಮಾತ್ರ ಎಂದೆ. ಇನ್ಶೂರೆನ್ಸನ್ನು ಕೊಂಡ 14 ದಿನದೊಳಗೆ ನಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು, ಅಪಘಾತವಾದರೆ ಹಳೆಯ ಹೆಸರಿನ ಪಾಲಿಸಿಯೊಂದಿಗೆ ಅಲೆದಾಟ ತಪ್ಪದು. ಪರ್ಮಿಟ್ ಖರ್ಚೆಂದು ಆತ ಬಿಲ್ಲಿಗೆ ಸೇರಿಸಿದ್ದನ್ನೂ ಹೊಡೆದುಹಾಕಿದೆ. ಆರ್‌ಸಿಯಲ್ಲಿ ಒಟ್ಟು ತೂಕ 3000 ಕಿಲೋ ಒಳಗಿತ್ತು. ಅಂಥ ಸರಕು ಗಾಡಿಗೆ ಪರ್ಮಿಟ್ ಬೇಡ. ಎಂಟು ವರ್ಷ ತುಂಬಿದ ಮೇಲೆ ಗಾಡಿ ಓಡಲು ಯೋಗ್ಯ ಎಂಬ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು ಎಂಬುದನ್ನು ಮಾತ್ರ ಅಪ್ಪನಿಗೆ ಎರಡು ಸಲ ಹೇಳಬೇಕಾಯಿತು. ಒಂದು ಸಲ ಕೇಳಿಸಿರಲಿಲ್ಲ, ಇನ್ನೊಂದು ಸಲ ಕೇಳಿಸಿಕೊಳ್ಳಲಿಲ್ಲ.

ಅವರ ಲೈಸೆನ್ಸು ಕಾರಿನದು, ಹಳದಿ ಬೋರ್ಡಿಗೆ ನಡೆಯುತ್ತದೆಯೇ ಎಂದು ಅಮ್ಮ ಹೆದರಿದ್ದರು. ಲಘು ವಾಹನದ ಲೈಸೆನ್ಸಿದ್ದವರು 7500 ಕಿಲೋವರೆಗಿನ ಸರಕು ವಾಹನ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಅದನ್ನು ಅಪ್ಪ ಈಗ ತಮ್ಮ ಪರವಾಗಿಯೇ ಬಂದ ತೀರ್ಪಿನಂತೆ ಊರಿಗೆಲ್ಲ ಹೇಳುತ್ತಿದ್ದಾರೆ. ನಾನು ಹಾಕಿದ ಷರತ್ತು ಒಂದೇ, ರಾತ್ರಿ ಗಾಡಿ ಓಡಿಸಕೂಡದು. ತಕ್ಷಣ ಒಪ್ಪಿದರು. ಕೋಳಿ ಕೂಗಿದ ಮೇಲೆ ರಾತ್ರಿ ಮುಗಿದ ಹಾಗೆ ಎಂಬುದು ಅವರ ವಾದ, ನಮ್ಮ ಮನೆಯ ಹುಂಜವೋ ಮೂರು ಗಂಟೆಗೇ ಶುರು ಮಾಡುತ್ತದೆ.